ಅಳವಡಿಸಿದ ಸ್ತನಕ್ಕೆ ಸೋಂಕು ತಗುಲಿದರೆ

ಮನೆಮಂದಿಯೆಲ್ಲ ಓದುವ ಪತ್ರಿಕೆಯಲ್ಲಿ ಇಂಥ ವಿಷಯವೇ ಎಂದು ಕೆಲವು ಹಿರಿಯರು ಹುಬ್ಬೇರಿಸಬಹುದು. ಬರೆಯಲೇಬೇಕೆಂಬುದು ನಮ್ಮ ಅಭಿಪ್ರಾಯ. ಸ್ತನ ಕ್ಯಾನ್ಸರಿನ ಮಾತನ್ನು ನಮ್ಮ ಕೌತಾಳಂ, ಆದೋನಿ ಕಡೆಯ ಮನೆಗಳಲ್ಲಿ ಈಗಲೂ ಬಾಗಿಲು ಮುಚ್ಚಿಯೇ ಆಡುತ್ತಾರೆ. ಸ್ತನ ತೆಗೆದ ಮೇಲೆ ಸಿಲಿಕೋನ್ ಚೀಲ ಇಡಿಸಿಕೊಂಡಿದ್ದರಂತೂ ಒಡಹುಟ್ಟಿದವರಿಗೂ ಹೇಳುವುದಿಲ್ಲ. ಸೋಂಕು ತಗುಲಿದಾಗ ಈ ಗುಟ್ಟೇ ಮುಳುವಾಗುತ್ತದೆ.

ನಾವು ಮೆಟ್ರಿಕ್ ಮುಗಿಸಿ ಅಂಗಡಿ ಹಿಡಿದವರು, ವೈದ್ಯರಲ್ಲ. ಬಂಧುಗಳಲ್ಲಿ ಒಬ್ಬ ತಾಯಿಗೆ ಹೀಗಾದಾಗ ಬೆಂಗಳೂರಿನಲ್ಲಿ ಜೊತೆಗಿದ್ದು ಕೇಳಿ ತಿಳಿದದ್ದನ್ನು ಹೇಳುತ್ತೇವೆ.

ಈ ಚೀಲವನ್ನು ಮೊದಲು ಅಳವಡಿಸಿದವರು ಅಮೆರಿಕದ ಹ್ಯೂಸ್ಟನ್ನಿನ ಕ್ರೋನಿನ್ ಮತ್ತು ಗೆರೋ ಎಂಬ ವೈದ್ಯರು, 1962ರಲ್ಲಿ. ಚೀಲಕ್ಕೆ ರಕ್ತದ ಓಡಾಟವಿಲ್ಲ. ಆದ್ದರಿಂದ ನೀರಿನ ತೊಟ್ಟಿಯ ಗೋಡೆಗೆ ಪಾಚಿ ಹಿಡಿದಂತೆ ಕ್ರಿಮಿಗಳು ಅದರ ಮೈಗೆ ಲೋಳೆ ಕಟ್ಟಿಕೊಂಡು ಕೂತರೆ, ಔಷಧಿ ಅಲ್ಲಿಗೆ ಸರಿಯಾಗಿ ತಲುಪದು. ಮೊದಲ ದಿನಗಳಲ್ಲಿಯೇ ಹಿಡಿಯಬೇಕು ಎನ್ನುವುದು ಇದಕ್ಕೇ. ಸಕ್ಕರೆ ಕಾಯಿಲೆ, ತಂಬಾಕು, ವಿಕಿರಣ ಚಿಕಿತ್ಸೆ ಇದ್ದವರಿಗೆ ಅಪಾಯ ಹೆಚ್ಚು.

ಆ ತಾಯಿಗೆ ಐದನೆಯ ವಾರದಲ್ಲಿ ಎದೆ ಕೆಂಪಾಯಿತು, ಮುಟ್ಟಿದರೆ ಬಿಸಿ. ಉಷ್ಣವೆಂದುಕೊಂಡು ಅರಿಸಿನ ಹಚ್ಚಿದರು. ಮೆಡಿಕಲ್ ಶಾಪಿನಿಂದ ನಾಲ್ಕು ಮಾತ್ರೆ ತರಿಸಿ ನುಂಗಿದರು. ಜ್ವರ ಇಳಿಯಿತು, ಮತ್ತೆ ಏರಿತು. ಸೊಸೆ ಹಟ ಹಿಡಿದು ಉದ್ಯಾನ್ ಎಕ್ಸ್‌ಪ್ರೆಸ್ಸಿಗೆ ಹತ್ತಿಸುವ ಹೊತ್ತಿಗೆ ಹೊಲಿಗೆಯಲ್ಲಿ ಕೀವು ಜಿನುಗುತ್ತಿತ್ತು. (ಆ ಸೊಸೆಯ ಹಟವನ್ನು ನಾವು ಇಂದಿಗೂ ಮೆಚ್ಚುತ್ತೇವೆ.) ಮಾತ್ರೆಯ ಬಗ್ಗೆ ಒಂದು ಮಾತು. 2014ರ ಮಾರ್ಚಿನಿಂದ ಸೆಫಿಕ್ಸಿಮ್‌ನಂಥ ಹಲವು ಪ್ರತಿಜೀವಕಗಳನ್ನು ಚೀಟಿಯಿಲ್ಲದೆ ಮಾರುವಂತಿಲ್ಲ. ಮಾರಿದ್ದನ್ನು ಬೇರೆ ಪುಸ್ತಕದಲ್ಲಿ ಬರೆದು 3 ವರ್ಷ ಇಡಬೇಕು. ಅಂಗಡಿಯವರಾಗಿ ಹೇಳುತ್ತೇವೆ, ಆ ಪುಸ್ತಕ ಕಾಟಾಚಾರಕ್ಕಲ್ಲ.

ಬರೀ ಕೆಂಪಾಗಿದ್ದರೆ ಮಾತ್ರೆ ಕೊಟ್ಟು ಒಂದೆರಡು ದಿನದಲ್ಲಿ ಮತ್ತೆ ನೋಡುತ್ತಾರೆ. ಇಳಿಯದಿದ್ದರೆ ಅಥವಾ ಜ್ವರವಿದ್ದರೆ ಆಸ್ಪತ್ರೆಗೆ ಸೇರಿಸಿ ರಕ್ತನಾಳದ ಮೂಲಕ ಔಷಧಿ ಕೊಡುತ್ತಾರೆ. ಸ್ಕ್ಯಾನಿಂಗಿನಲ್ಲಿ ನೀರು ನಿಂತದ್ದು ಕಂಡರೆ ಅದನ್ನು ತೆಗೆದು ಕಲ್ಚರ್ ಪರೀಕ್ಷೆಗೆ ಕಳಿಸುತ್ತಾರೆ. ಹೆಚ್ಚಾಗಿ ಸಿಗುವುದು ಚರ್ಮದ ಮೇಲಿನ ಸ್ಟ್ಯಾಫಿಲೊಕಾಕಸ್ ಕ್ರಿಮಿ, ಕೆಲವೊಮ್ಮೆ ಸ್ಯೂಡೊಮೊನಾಸ್. ಕ್ಷಯದ ಕ್ರಿಮಿಗೆ ದಾಯಾದಿಯಾದ ಇನ್ನೊಂದು ಜಾತಿಯೂ ಉಂಟು. ಅದಕ್ಕೆ ಪ್ರತ್ಯೇಕ ಪರೀಕ್ಷೆ ಬೇಕು, ಔಷಧಿಯೂ ತಿಂಗಳುಗಟ್ಟಲೆ. ಮೊದಲೇ ಅರೆಬರೆ ಮಾತ್ರೆ ನುಂಗಿದ್ದರೆ ಪರೀಕ್ಷೆಯಲ್ಲಿ ಕ್ರಿಮಿ ಸಿಗದೆಯೂ ಹೋಗಬಹುದು.

ಅಷ್ಟಕ್ಕೂ ಬಗ್ಗದಿದ್ದರೆ ಚೀಲ ತೆಗೆದು, ಒಳಗೆಲ್ಲ ತೊಳೆದು, ಸಾಧ್ಯವಾದರೆ ಆಗಲೇ ಹೊಸದನ್ನಿಡುತ್ತಾರೆ. ಕೀವು ಬಹಳವಿದ್ದರೆ ಹಾಗೆಯೇ ಮುಚ್ಚಿ ಸಾಮಾನ್ಯವಾಗಿ 3ರಿಂದ 6 ತಿಂಗಳು ಕಾಯಿಸುತ್ತಾರೆ. ಆಮೇಲೆ ಹೊಸ ಚೀಲ, ಇಲ್ಲವೇ ಬೆನ್ನಿನ ಅಥವಾ ಹೊಟ್ಟೆಯ ಸ್ವಂತ ಮಾಂಸದಿಂದ ರೂಪಿಸಬಹುದು. ನಮ್ಮ ಬಂಧುವಿನ ಚೀಲ ಉಳಿಯಲಿಲ್ಲ. ಅದಕ್ಕಿಂತ ಚಿಂತೆಯ ಸಂಗತಿ, ಗಾಯ ಮಾಯುವವರೆಗೆ ಕಿಮೋಥೆರಪಿಯನ್ನೂ ಮುಂದೂಡಬೇಕಾಯಿತು. ಆಕೆ ಮತ್ತೆ ಚೀಲ ಬೇಡವೆಂದರು. ರವಿಕೆಯೊಳಗೆ ಹತ್ತಿಯ ಮೆತ್ತೆ ಹೊಲಿದುಕೊಂಡಿದ್ದಾರೆ, ಸುಖವಾಗಿದ್ದಾರೆ.

ನಮ್ಮ ಶ್ರಾವಿಕೆಯರಿಗೆ ಎರಡು ಸಂಗತಿ. ಸೂರ್ಯಾಸ್ತದ ನಂತರ ನೀರೂ ಮುಟ್ಟದ ನೇಮವಿದ್ದರೆ ವೈದ್ಯರಿಗೆ ಬಾಯಿಬಿಟ್ಟು ಹೇಳಿ. 8 ಗಂಟೆಗೊಮ್ಮೆಯ ಮಾತ್ರೆಯನ್ನು ಗುಟ್ಟಾಗಿ ಬಿಡಬೇಡಿ. ದಿನಕ್ಕೊಂದೆರಡು ಸಲದ ಮಾತ್ರೆಯೋ ಇಂಜೆಕ್ಷನ್ನೋ ಹೊಂದುವುದಾದರೆ ಅವರೇ ಬದಲಿಸುತ್ತಾರೆ. ಇನ್ನೊಂದು, ಚೀಲಕ್ಕೆ ಆಸರೆಯಾಗಿ ಕೆಲವು ಕಡೆ ಸಂಸ್ಕರಿಸಿದ ಚರ್ಮದ ಹಾಳೆ ಹೊಲಿಯುತ್ತಾರೆ. ಅದು ಮನುಷ್ಯ ಶವದ್ದು, ಹಂದಿಯದು ಅಥವಾ ದನದ್ದಾಗಿರುತ್ತದೆ. ಇವುಗಳಲ್ಲಿ ಕೆಲವು ಹಾಳೆಗಳಿಂದ ಸೋಂಕು ಮತ್ತಿತರ ತೊಂದರೆ ಹೆಚ್ಚೆಂದು ಅಮೆರಿಕದ ಔಷಧ ಆಡಳಿತ 2021ರ ಮಾರ್ಚಿನಲ್ಲಿ ಎಚ್ಚರಿಸಿತು. ಹಾಳೆ ಹಾಕುತ್ತೀರಾ, ಯಾವುದರದು, ಬಿಟ್ಟರೆ ನಡೆಯುತ್ತದೆಯೇ ಎಂದು ಶಸ್ತ್ರಚಿಕಿತ್ಸೆಯ ದಿನ ಗೊತ್ತುಮಾಡುವಾಗಲೇ ಕೇಳಿರಿ. ಥಿಯೇಟರಿನ ಬಾಗಿಲಲ್ಲಿ ಕೇಳಿದರೆ ಯಾರಿಗೂ ಪುರುಸೊತ್ತಿರುವುದಿಲ್ಲ.