ಕೇಸ್ ಬ್ಯಾರೆ, ಕಾಳಜಿ ಬ್ಯಾರೆ

ಹೋದ ದೀಪಾವಳಿ ಮುಂದ ನಮ್ಮ ವೈನಿನ್ನ ದವಾಖಾನ್ಯಾಗ ಇಟ್ಟಿದ್ವಿ. "ಆಕಿಗೆ ಸಲ್ಫಾ ಗುಳಿಗಿ ಒಗ್ಗೂದಿಲ್ರಿ" ಅಂತ ಸೇರಿಸೋ ಮುಂದ ನಾನೇ ಹೇಳಿದ್ದೆ. ಆದ್ರೂ ಎರಡನೇ ದಿನಾ ಅದನ್ನೇ ಕೊಟ್ರು. ಮಾರಿ ತುಂಬ ಬಾವು ಬಂತು, ಉಸಿರು ಹಿಡೀತು. ಆ ರಾತ್ರಿ ಜೀವಾ ಕೈಯಾಗ ಹಿಡಕೊಂಡು ಕೂತ್ವಿ. ದೇವರ ದಯಾ, ಉಳದ್ಲು.

"ಕೇಸ್ ಹಾಕ್ತೇನಿ" ಅಂತ ಅಣ್ಣನ ಮಗ ಎದ್ದ. ಅವಂದು ತಪ್ಪಲ್ಲ. ರೊಕ್ಕಾ ಕೊಟ್ಟು ತಗೊಂಡ ಚಿಕಿತ್ಸೆ ಗ್ರಾಹಕ ಕಾಯ್ದೆದಾಗ ಬರ್ತದ ಅಂತ 1995ರಾಗ ಸುಪ್ರೀಂ ಕೋರ್ಟೇ ಹೇಳೇದ. ಎರಡು ವರ್ಷದೊಳಗ ದೂರು ಕೊಡಬೇಕು ಅಷ್ಟ. ಆದ್ರ ಡಾಕ್ಟರ ಮ್ಯಾಲೆ ಪೋಲೀಸ್ ಕೇಸ್ ನಿಲ್ಲಬೇಕಂದ್ರ ಸಣ್ಣ ತಪ್ಪು ಸಾಲೂದಿಲ್ಲ, ಘೋರ ನಿರ್ಲಕ್ಷ್ಯನೇ ಇರಬೇಕು. ಪಂಜಾಬದಾಗ ಉಸಿರಾಟದ ತ್ರಾಸಿದ್ದ ಒಬ್ಬರಿಗೆ ತಂದ ಆಕ್ಸಿಜನ್ ಸಿಲಿಂಡರ್ ಖಾಲಿ ಇತ್ತು ಅಂತ ಮನಿಯವರು ದೂರು ಕೊಟ್ಟಿದ್ರು. ಹತ್ತು ವರ್ಷ ಆದ ಮ್ಯಾಲೆ, 2005ರಾಗ, ಡಾಕ್ಟರ ಮ್ಯಾಲಿನ ಆ ಕ್ರಿಮಿನಲ್ ಕೇಸ್ ರದ್ದಾತು. ಬೇಕಾದ್ರ ದವಾಖಾನಿ ಪರಿಹಾರಕ್ಕ ಹೊಣಿ ಆಗಬಹುದು ಅಂತು ಕೋರ್ಟ್.

ಕೋರ್ಟ್ ಕೇಳೂದು, ತಪ್ಪು ಯಾರದು ಅಂತ. ನಾನು ಕೇಳೂದು ಬ್ಯಾರೆ: ಮರುದಿನಾ ಆ ಸಿಲಿಂಡರ್ ತುಂಬೇದೋ ಇಲ್ಲೋ ಅಂತ ಯಾರು ನೋಡಿದ್ರು?

ವೈನಿಗೆ ಗುಳಿಗಿ ಕೊಟ್ಟ ನರ್ಸ್ ನನ್ನ ಮಗಳ ವಯಸ್ಸಿನಾಕಿ. ಮೆಟ್ಟಲ ಹತ್ರ ಅಳಕೋತ, "ಚೀಟಿ ಮ್ಯಾಲೆ ಬರದಿದ್ದಿಲ್ರಿ ಆಂಟಿ, ನಾ ಹೇಳೇನಂತ ಯಾರ ಮುಂದೂ ಅನಬ್ಯಾಡ್ರಿ" ಅಂದ್ಲು. ಆ ಮಾತು ನನಗ ಇನ್ನೂ ಚುಚ್ಚತದ. ಹೆದರಿ ಮುಚ್ಚಿಟ್ಟ ತಪ್ಪು ನಾಳೆ ಇನ್ನೊಬ್ಬರ ಮನಿ ಹೆಣಮಗಳಿಗೆ ಆಗ್ತದ. ಹಂಗಂತ ಕಾಯ್ದೆ ಬ್ಯಾಡ ಅನ್ನೂದಿಲ್ಲ. "ಒಮ್ಮೊಮ್ಮೆ ಹಂಗಾಗ್ತದ" ಅಂದ ದೊಡ್ಡ ಡಾಕ್ಟರು, ನಾವು ಕಾಗದಾ ಕೇಳಿದ ಮ್ಯಾಲೇ ನಮ್ಮನ್ನ ಕೂಡ್ರಿಸಿ ಮಾತಾಡಿದ್ರು. ಕೇಳಿದ 72 ತಾಸಿನೊಳಗ ನಮ್ಮ ಕಾಗದಾ ನಮಗ ಕೊಡಬೇಕು ಅಂತ ಡಾಕ್ಟರರಿಗೆ ನಿಯಮನೇ ಅದ. ಕಾಗದಾ ಬಂತು. ಅದರಾಗ ಸಲ್ಫಾ ಅನ್ನೋ ಅಕ್ಷರನೇ ಇದ್ದಿಲ್ಲ!

ಹುಡುಗ ಇನ್ನೂ ವಿಚಾರ ಮಾಡ್ಲಿಕ್ಕತ್ತಾನ. ನಾ ಅವಗ ಹೇಳೇನಿ, "ರೊಕ್ಕಾ ಆಮ್ಯಾಲೆ ಕೇಳಪಾ. ಮದ್ಲ, ಇನ್ನಮುಂದ ಫೈಲಿನ ಮ್ಯಾಲಿನ ಹಾಳಿಗೇ ಕೆಂಪು ಅಕ್ಷರದಾಗ ಬರೀತೇವಿ ಅಂತ ಬರಸಕೊಂಡು ಬಾ."

ನೀವೂ ಅಷ್ಟ ಮಾಡ್ರಿ. ಒಗ್ಗದ ಔಷಧದ ಹೆಸರು ದಪ್ಪಗ ಬರದು ತಲಿದಿಂಬಿನ ಹತ್ರ ಇಡ್ರಿ. ಗುಳಿಗಿ ತಂದಾಗೊಮ್ಮೆ "ಇದು ಯಾವುದ್ರಿ?" ಅನ್ರಿ. ಸಿಟ್ಟಾದ್ರ ಆಗಲಿ. ಕಾಯಿಪಲ್ಲೆ ತಗೊಳ್ಳೋ ಮುಂದ ನಾಲ್ಕು ಸರ್ತಿ ಕೇಳೋ ನಾವು, ಇಲ್ಲಿ ಯಾಕ ಸುಮ್ನಿರಬೇಕು?