‘ಆಂಟಿ’ ಅಂಟಿಸಿದ್ದು ಯಾರಿಗೆ?

ಇಂಗ್ಲಿಷಿನಲ್ಲಿ ‘ಆಂಟಿಸಬ್ಬಟೇರಿಯನ್’ ಅಂತ ಒಂದು ಪದ ಇದೆ. (ಆಂಟಿ ಅಂದಕೂಡಲೇ ಪಕ್ಕದ ಮನೆಯವರು ನೆನಪಾದರೆ ನಾನು ಹೊಣೆಯಲ್ಲ :)) ಇದನ್ನು ‘ಸಬ್ಬತ್ ವಿರೋಧಿ’ ಅಂತ ಕನ್ನಡಿಸಿ, ಅಂದರೆ ದೇವರೂ ಬೇಡ ವಾರದ ಬಿಡುವೂ ಬೇಡ ಅನ್ನೋ ನಾಸ್ತಿಕ ಅಂತ ಅರ್ಥ ಹೇಳಿ ಕೈತೊಳೆದುಕೊಂಡರೆ ನನಗಂತೂ ಮೈ ಉರಿಯುತ್ತೆ.

ಪದ ಬಿಡಿಸಿ ನೋಡಿ. ಸಬ್ಬತ್ ಹೀಬ್ರೂವಿನದು. ‘ನಿಲ್ಲಿಸು, ಬಿಡುವಾಗು’ ಅನ್ನೋ ಧಾತುವಿನಿಂದ ಹುಟ್ಟಿ ಗ್ರೀಕ್, ಲ್ಯಾಟಿನ್ ದಾಟಿ ಬಂದದ್ದು. ಬಾಲ ಲ್ಯಾಟಿನ್ನಿನದು, ತಲೆ ಗ್ರೀಕಿನದು. ಆ ತಲೆ ಕೂತದ್ದು ‘ಸಬ್ಬತ್’ ಮೇಲಲ್ಲ ಸ್ವಾಮಿ, ‘ಸಬ್ಬಟೇರಿಯನ್’ ಮೇಲೆ! ಯೆಹೂದ್ಯರ ಶನಿವಾರದ ಕಟ್ಟುಪಾಡನ್ನು ಇಂಗ್ಲೆಂಡಿನ ಭಾನುವಾರಕ್ಕೆ ಹೇರಿ, ಆಟ-ಕುಣಿತ ಎಲ್ಲ ಪಾಪ ಅಂದ ಪ್ಯೂರಿಟನ್ನರಿಗೆ (ಶನಿವಾರವನ್ನೇ ಆಚರಿಸಿ ಅಂದ ಕೆಲವರಿಗೂ) 17ನೇ ಶತಮಾನದಲ್ಲಿ ಬಿದ್ದ ಹೆಸರು ಅದು. ಅವರನ್ನು ಒಪ್ಪದವರಿಗೆ ಅದೇ ಶತಮಾನದಲ್ಲಿ ‘ಆಂಟಿ’ ಅಂಟಿತು.

ಯಾರು ಈ ಒಪ್ಪದವರು? ನಾಸ್ತಿಕರೇ? ಅಲ್ಲರೀ, ಚರ್ಚಿನ ಮುಖ್ಯಸ್ಥನಾದ ರಾಜನೇ! ಒಂದನೇ ಜೇಮ್ಸ್ 1617ರಲ್ಲಿ ಲ್ಯಾಂಕಶೈರಿನಲ್ಲಿ ಜನರ ದೂರು ಕೇಳಿದ. ಮರುವರ್ಷ ಇಡೀ ಇಂಗ್ಲೆಂಡಿಗೆ ಒಂದು ಘೋಷಣೆ ಹೊರಡಿಸಿದ. ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಕುಣೀಲಿ, ಬಿಲ್ಲು ಹಿಡೀಲಿ, ಮೇ ಹಬ್ಬದ ಕಂಬ ನೆಡಲಿ, ಉಳಿದ ಆರು ದಿನ ದುಡಿಯೋ ಜನ ಇನ್ಯಾವಾಗ ಆಡಬೇಕು ಅನ್ನೋದು ಅವನ ವಾದ. ಗಮನಿಸಿ, ಚರ್ಚಿಗೆ ಚಕ್ಕರ್ ಹೊಡೆದವರಿಗೆ ಆಟದ ಹಕ್ಕು ಇರಲಿಲ್ಲ. ಇದಾ ದೇವದ್ರೋಹ?

ಸಬ್ಬತ್ ಕಟ್ಟಳೆ ಕ್ರೈಸ್ತರಿಗೆ ಅನ್ವಯಿಸೋದೇ ಇಲ್ಲ ಅಂದವರೂ ಇದ್ದರು, ನಿಜ. ಅವರಿಗೂ ಬೈಬಲ್ಲೇ ಆಧಾರ. ಸಬ್ಬತ್ ವಿಷಯದಲ್ಲಿ ನಿಮ್ಮನ್ನು ಯಾರೂ ದೂಷಿಸದಿರಲಿ ಅಂತ ಪೌಲ ಕೊಲೊಸ್ಸೆಯವರಿಗೆ ಬರೆದಿದ್ದನಲ್ಲ!

ಹಾಗಂತ ರಾಜರೇನೂ ಸಾಚಾ ಅಲ್ಲ. ಮಗ ಒಂದನೇ ಚಾರ್ಲ್ಸ್ 1633ರಲ್ಲಿ ಅದೇ ಘೋಷಣೆಯನ್ನು ಮತ್ತೆ ಹೊರಡಿಸಿ ಚರ್ಚುಗಳಲ್ಲಿ ಓದಲೇಬೇಕು ಅಂದ. ಓದಲೊಲ್ಲದ ಪಾದ್ರಿಗಳು ಅಮಾನತಾದರು. ಆಟಕ್ಕೂ ಆಜ್ಞೆ ಬೇಕಾ? ಅದಕ್ಕೇ ನೋಡಿ, ಕೈ ಮೇಲಾದಾಗ ಎದುರಿನವರೂ ಬಿಡಲಿಲ್ಲ. 1643ರಲ್ಲಿ ಸಂಸತ್ತು ಆ ಪುಸ್ತಕವನ್ನು ಸುಡಿಸಿತು, 1644ರಲ್ಲಿ ಹಳ್ಳಿಹಳ್ಳಿಯ ಮೇ ಕಂಬಗಳನ್ನು ಕೀಳಲು ಹೇಳಿತು. ಆರು ದಿನ ಗದ್ದೆಯಲ್ಲಿ ಬೆನ್ನು ಬಗ್ಗಿಸಿ ಏಳನೇ ದಿನ ಆ ಕಂಬದ ಸುತ್ತ ಕುಣಿಯುತ್ತಿದ್ದವನನ್ನು ‘ಬಿಡುವಿನ ವಿರೋಧಿ’ ಅಂತ ಅದು ಹೇಗ್ರೀ ಕನ್ನಡಿಸ್ತೀರಿ?