ದಂಡದ ಯಂತ್ರಕ್ಕೆ ಹಣ ಯಾರು ಕೊಡಬೇಕು?

ಕಾರ್ಬನ್ ಹಾಳೆ ಇಟ್ಟು ರಸೀದಿ ಪುಸ್ತಕದಲ್ಲಿ ಸಂಚಾರ ದಂಡ ಬರೆಯುವ ಕಾಲ ಮುಗಿಯುತ್ತ ಬಂದಿದೆ. ದೊಡ್ಡ ಊರುಗಳಲ್ಲಿ ಪೊಲೀಸರ ಕೈಗೆ ಇ-ಚಲನ್ ಯಂತ್ರ ಬಂದು ವರ್ಷಗಳೇ ಆದವು. ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ ರೂಪಿಸಿದ ಈ ವ್ಯವಸ್ಥೆಯು ‘ವಾಹನ್’ ಮತ್ತು ‘ಸಾರಥಿ’ ದಾಖಲೆಗಳೊಡನೆ ಜೋಡಣೆಯಾಗಿದೆ. ಗಾಡಿಯ ನಂಬರು ಒತ್ತಿದರೆ ಅದರ ನೋಂದಣಿಯ ವಿವರ ಎದುರಿಗೆ ಬರುತ್ತದೆ. ನಮ್ಮ ಘಟ್ಟದ ಸೀಮೆಯ ಸಣ್ಣ ಠಾಣೆಗಳಿಗೂ ಇಂಥ ಯಂತ್ರಗಳು ಸಾಕಷ್ಟು ಸಂಖ್ಯೆಯಲ್ಲಿ ಬೇಕು ಎಂಬುದರಲ್ಲಿ ನಮಗೆ ಭಿನ್ನಾಭಿಪ್ರಾಯವಿಲ್ಲ. ಅದರ ಖರ್ಚು ಯಾರದು ಎಂಬುದೇ ಪ್ರಶ್ನೆ.

ಯಂತ್ರದಿಂದ ಬೆಳೆಗಾರನಿಗೆ ಲಾಭವೇ ಹೆಚ್ಚು. 2019ರ ಸೆಪ್ಟೆಂಬರ್ 1ರಂದು ಮೋಟಾರು ವಾಹನ ತಿದ್ದುಪಡಿ ಕಾಯಿದೆ ಜಾರಿಗೆ ಬಂದು ದಂಡಗಳು ಏರಿದವು. ಅದೇ ತಿಂಗಳು ನಮ್ಮ ರಾಜ್ಯ ಸರ್ಕಾರ ಹೆಲ್ಮೆಟ್ ಇಲ್ಲದ ಸವಾರಿಯ ದಂಡವನ್ನು 1000 ರೂಪಾಯಿಯಿಂದ 500ಕ್ಕೆ ಇಳಿಸಿತು. ಯಾವ ತಪ್ಪಿಗೆ ಎಷ್ಟು ಎಂಬುದು ತಡೆದವರ ಬಾಯಲ್ಲಿ ಇರಬಾರದು, ಮುದ್ರಿತ ಚೀಟಿಯಲ್ಲಿ ಇರಬೇಕು. ಮಿತಿಮೀರಿ ಹೇರಿದ ಗಾಡಿಗೆ ಕಾಯಿದೆಯಲ್ಲಿರುವ ದಂಡ 20,000 ರೂಪಾಯಿ, ಮೇಲೆ ಹೆಚ್ಚುವರಿ ಟನ್ನೊಂದಕ್ಕೆ 2,000. ಇಷ್ಟು ದೊಡ್ಡ ಮೊತ್ತದ ಮಾತು ರಸೀದಿಯಿಲ್ಲದೆ ರಸ್ತೆಬದಿಯಲ್ಲಿ ನಡೆದರೆ ಅದು ಎಲ್ಲಿಗೆ ಮುಟ್ಟುತ್ತದೆಂದು ಸದಸ್ಯರಿಗೆ ನಾವು ಹೇಳಬೇಕಾಗಿಲ್ಲ.

ಯಂತ್ರ ಕೊಡಿಸಿ ಎಂಬ ಕೋರಿಕೆ ಸಂಘಗಳ ಮುಂದೆ ಬಂದಾಗ ‘ಊರ ಕೆಲಸ, ಕೊಟ್ಟುಬಿಡೋಣ’ ಎನ್ನುವವರು ನಮ್ಮಲ್ಲಿ ಇದ್ದೇ ಇರುತ್ತಾರೆ. ಅವರ ಮನಸ್ಸು ಒಳ್ಳೆಯದೇ. ಶಾಲೆಗೆ ಬೆಂಚು, ಆಸ್ಪತ್ರೆಗೆ ಮಂಚ ಕೊಟ್ಟವರು ನಾವೇ. ಆದರೆ ದಂಡ ಹಾಕುವ ಸಾಧನ ಹಾಗಲ್ಲ. ಯಂತ್ರ ಕೊಡಿಸಿದವರ ಜೀಪನ್ನು ಪೇದೆ ಯಾವ ಧೈರ್ಯದಲ್ಲಿ ತಡೆದಾನು? ತಡೆಯದೆ ಬಿಟ್ಟರೆ, ಎರಡು ಎಕರೆಯವನ ಸ್ಕೂಟರಿಗೆ ಮಾತ್ರ ಚೀಟಿ ಹರಿಯುತ್ತದೆ. ಸಂಘದ ಹಣ ಸಣ್ಣ ಬೆಳೆಗಾರರ ಷೇರಿನ ಹಣ. ಅದನ್ನು ಇಂಥ ಸಂಶಯದ ಬಾಬ್ತಿಗೆ ಹಾಕುವುದು ತರವಲ್ಲ.

ಹಾಗಾದರೆ ವಸೂಲಾದ ದಂಡದಲ್ಲೇ ಯಂತ್ರದ ಬೆಲೆ ತೀರಿಸಲಿ ಎಂಬ ಸಲಹೆಯೂ ಇದೆ. ಇದನ್ನೂ ನಾವು ಒಪ್ಪುವುದಿಲ್ಲ. ದಂಡದ ಹಣ ರಾಜ್ಯದ ಸಂಚಿತ ನಿಧಿಗೆ ಸೇರತಕ್ಕದ್ದು, ಠಾಣೆಯ ಪೆಟ್ಟಿಗೆಗಲ್ಲ. ಯಂತ್ರದ ಕಂತು ಚೀಟಿಗಳ ಸಂಖ್ಯೆಯ ಮೇಲೆ ನಿಂತರೆ, ಅಪಾಯದ ತಿರುವಿನಲ್ಲಿ ನಿಲ್ಲಬೇಕಾದವರು ಸಂತೆಯ ದಿನ ಪೇಟೆಯ ಬಾಗಿಲಲ್ಲಿ ನಿಲ್ಲುತ್ತಾರೆ. ಅಲ್ಲದೆ ಈ ಆದಾಯ ನೆಚ್ಚುವಂಥದ್ದೂ ಅಲ್ಲ. ಬಾಕಿ ಬೆಟ್ಟದಷ್ಟಾಗಿ ಸರ್ಕಾರ 2023ರ ಫೆಬ್ರವರಿಯಲ್ಲಿ ಒಮ್ಮೆ, 2025ರ ಆಗಸ್ಟ್–ಸೆಪ್ಟೆಂಬರಿನಲ್ಲಿ ಮತ್ತೊಮ್ಮೆ ಅರ್ಧ ದಂಡ ಬಿಟ್ಟುಕೊಟ್ಟಿತು. ಬಡ್ಡಿ ಮನ್ನಾ ಆದಾಗ ಕಾಲಕ್ಕೆ ಸರಿಯಾಗಿ ಸಾಲ ಕಟ್ಟಿದವನೇ ಮೂರ್ಖನಾಗುವ ಸಂಗತಿ ಸಹಕಾರಿಗಳಾದ ನಮಗೆ ಹೊಸದಲ್ಲ. ಯಂತ್ರ ಬಂದ ಮಾತ್ರಕ್ಕೆ ವಸೂಲಿಯಾಗದು. ನೋಟಿಸು ಸರಿಯಾದ ಮನೆಗೆ ಮುಟ್ಟಬೇಕು.

ಆದ್ದರಿಂದ ಈ ಖರ್ಚು ಸರ್ಕಾರದ ಆಯವ್ಯಯದಲ್ಲೇ ಬರಬೇಕು. 2017ರ ಕರ್ನಾಟಕ ರಾಜ್ಯ ರಸ್ತೆ ಸುರಕ್ಷತಾ ಪ್ರಾಧಿಕಾರ ಕಾಯಿದೆಯಲ್ಲಿ ರಸ್ತೆ ಸುರಕ್ಷತಾ ನಿಧಿಗೆ ಅವಕಾಶ ಮಾಡಲಾಗಿದೆ. ಘಟ್ಟದ ಠಾಣೆಗಳ ಪಾಲನ್ನು ಅದರಿಂದ ಕೇಳುವುದು ನಮ್ಮ ಹಕ್ಕು. ಯಂತ್ರದ ಬೆಲೆಯೊಂದೇ ಲೆಕ್ಕವಲ್ಲ. ಬ್ಯಾಟರಿ, ಚೀಟಿಯ ಸುರುಳಿ, ದುರಸ್ತಿ, ಸಿಬ್ಬಂದಿಯ ತರಬೇತಿ, ಇವು ಪ್ರತಿವರ್ಷದ ಖರ್ಚು. ಚಾರ್ಮಾಡಿ, ಆಗುಂಬೆಯ ಕಡೆ ಫೋನಿನ ಸಂಕೇತವೇ ಸಿಗದ ಜಾಗಗಳಿವೆ. ಅಲ್ಲಿ ಸಂಪರ್ಕವಿಲ್ಲದೆಯೂ ಕನ್ನಡದಲ್ಲಿ ಚೀಟಿ ಕೊಡುವಂತಿರಬೇಕು. ಇನ್ನು ಕ್ಯಾಮೆರಾ ಇಡುವುದಾದರೆ, 2021ರ ಆಗಸ್ಟ್‌ನಲ್ಲಿ ಹೊರಟ ಕೇಂದ್ರ ನಿಯಮವು ಮುಂಚಿತವಾಗಿ ಎಚ್ಚರಿಕೆ ಫಲಕ, ಹದಿನೈದು ದಿನದೊಳಗೆ ನೋಟಿಸು, ಯಂತ್ರಕ್ಕೆ ವರ್ಷವರ್ಷವೂ ನವೀಕರಿಸುವ ಪ್ರಮಾಣಪತ್ರ ಎಂದು ವಿಧಿಸಿತು. ಜೂನ್‌ನಿಂದ ಸೆಪ್ಟೆಂಬರಿನ ತನಕ ಮಳೆ, ಮಂಜು ಕವಿಯುವ ನಮ್ಮ ಸೀಮೆಯಲ್ಲಿ ಈ ಮಾತುಗಳಿಗೆ ಇಮ್ಮಡಿ ಬೆಲೆಯಿದೆ.

ಸರ್ಕಾರವನ್ನು ಕೇಳುವ ಮುನ್ನ ನಾವು ಮಾಡಬೇಕಾದ್ದೂ ಇದೆ. ಕೈಬದಲಾದ ಎಷ್ಟೋ ಹಳೆಯ ಜೀಪುಗಳು ಇಂದಿಗೂ ಮೊದಲ ಮಾಲೀಕರ ಹೆಸರಿನಲ್ಲೇ ಓಡುತ್ತಿವೆ. ದಂಡ ಒಬ್ಬರದು, ನೋಟಿಸು ಇನ್ನೊಬ್ಬರ ಮನೆಗೆ. ಹೆಸರು ಬದಲಾಯಿಸಿ, ಫೋನ್ ನಂಬರು ದಾಖಲಿಸಿಕೊಳ್ಳಿ. ಕೊಯ್ಲಿನ ದಿನಗಳಲ್ಲಿ ಕೂಲಿಯಾಳುಗಳನ್ನು ಪಿಕಪ್ಪಿನ ಹಿಂಬದಿಯಲ್ಲಿ ತುಂಬಿ ತರುವುದು ನಮ್ಮೆಲ್ಲರ ಕಣ್ಣೆದುರಿನ ಸಂಗತಿ. ಸರಕಿನ ಗಾಡಿಯಲ್ಲಿ ಕುಳಿತವರಿಗೆ ಅಪಘಾತವಾದರೆ ವಿಮೆಯ ಹಣ ಸಿಗುವುದು ಖಚಿತವಲ್ಲ. ಆಗ ಹೊಣೆ ತೋಟದ ಯಜಮಾನನ ತಲೆಗೇ ಬರುತ್ತದೆ. ಹೋದ ಜೀವವಂತೂ ಯಾವ ಹಣಕ್ಕೂ ಬಾರದು.

ಯಂತ್ರ ಬರಲಿ. ಅದು ಸರ್ಕಾರದ ಹಣದಲ್ಲಿ ಬರಲಿ, ದೊಡ್ಡ ತೋಟದ ಜೀಪಿಗೂ ಸಣ್ಣ ಹಿಡುವಳಿದಾರನ ಸ್ಕೂಟರಿಗೂ ಒಂದೇ ಚೀಟಿ ಕೊಡಲಿ. ಈ ಅರ್ಥದ ನಿರ್ಣಯವನ್ನು ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಅಂಗೀಕರಿಸಿ ಜಿಲ್ಲಾ ಪೊಲೀಸ್ ವರಿಷ್ಠರಿಗೂ ನಮ್ಮ ಶಾಸಕರಿಗೂ ಕಳುಹಿಸಬೇಕೆಂದು ಸದಸ್ಯ ಬಾಂಧವರಲ್ಲಿ ಕೋರುತ್ತೇವೆ.